ನೀಲಿ ಬಾಟಲಿಯ ಡಾಕ್ಟರು

ಬೆಳಿಗ್ಗೆ ಎಂಟಕ್ಕೆ ಬಿಡಿಭಾಗಗಳ ಅಂಗಡಿಯ ಬಾಗಿಲು ತೆರೆದರೆ ಎಂಟೂವರೆಗೆಲ್ಲ ಲೆನ್ ಡುಬಿಚ್‌ನ ಮುಂದೆ ರೋಗಿಗಳ ಸಾಲು ನಿಂತಿರುತ್ತಿತ್ತು. ರೋಗಿಗಳೆಂದರೆ ಕಾರುಗಳು. ಕಾರು ಕೌಂಟರಿನವರೆಗೆ ನಡೆದು ಬರಲಾರದಲ್ಲ, ಅದರ ಪರವಾಗಿ ಯಜಮಾನರೇ ಬಂದು ಅದರ ಕೆಮ್ಮು, ನಡುಕ, ಬಿಕ್ಕಳಿಕೆ ಎಲ್ಲವನ್ನೂ ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಎಪ್ಪತ್ತು ದಾಟಿದ ಗಂಭೀರ ಮನುಷ್ಯರು ಕೂಡ ಆ ಕೌಂಟರಿನ ಮುಂದೆ ನಿಂತು ನಾಚಿಕೆಯಿಲ್ಲದೆ "ಗುರ್‍ರ್... ಗುರ್‍ರ್... ಆಮೇಲೆ ಪುಸ್ ಅಂತ ನಿಂತೇ ಹೋಗುತ್ತೆ ನೋಡು" ಎನ್ನುತ್ತಿದ್ದರು. ಲೆನ್ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೇಳಿ ಮುಗಿದ ಮೇಲೆ ಹಿಂದಕ್ಕೆ ತಿರುಗಿ ನೋಡದೆಯೇ ಕಪಾಟಿಗೆ ಕೈಚಾಚಿ ಎಂಜಿನ್ನಿನ ಜಿಡ್ಡು ತೊಳೆಯುವ ದ್ರವದ ನೀಲಿ ಬಾಟಲಿಯೊಂದನ್ನು ತೆಗೆದು ಮುಂದಿಡುತ್ತಿದ್ದ.

"ಪೆಟ್ರೋಲ್ ತೊಟ್ಟಿಗೆ ಇದನ್ನ ಸುರಿ. ಮೇಲೆ ಪೆಟ್ರೋಲ್ ತುಂಬಿಸು. ಎರಡು ದಿನ ಓಡಿಸು. ಆಮೇಲೆ ನನಗೆ ಹೇಳು."

ವಿಂಟನ್ ಫೋರ್ಕ್ ಊರಿಗೆ ಊರೇ ಅವನನ್ನು ಡಾಕ್ಟರ್ ಎಂದು ಕರೆಯುತ್ತಿತ್ತು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಪೆನ್ಸಿಲ್ವೇನಿಯಾದ ಆ ಭಾಗದಲ್ಲಿ ಹೊಸ ಕಾರು ಕೊಳ್ಳುವವರು ಅಪರೂಪವಾದರು. ಇದ್ದ ಕಾರುಗಳಿಗೆ ವಯಸ್ಸಾಗಿತ್ತು, ರಸ್ತೆಗಳೆಲ್ಲ ಏರು, ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿದು ಕಾರಿಗೆ ತುಕ್ಕು ಹಿಡಿಸುವ ಉಪ್ಪು ಬೇರೆ. ಗ್ಯಾರೇಜಿಗೆ ಹೋದರೆ ಮೊದಲು ನೋಡುವುದಕ್ಕೇ ಕಾಸು ಕೇಳುತ್ತಾರೆ. ಲೆನ್ ನೋಡುವುದಕ್ಕೆ ಏನೂ ಕೇಳುತ್ತಿರಲಿಲ್ಲ. ಅದರ ಮೇಲೆ ಅವನು ಮೋಸಗಾರನೂ ಅಲ್ಲ, ಆ ಬಾಟಲಿಯನ್ನು ಮನಸಾರೆ ನಂಬಿದ್ದ. ಅವನಪ್ಪ ಕಾರ್ಖಾನೆಯ ಕುಲುಮೆಯ ಮುಂದೆ ಬೆವರು ಸುರಿಸಿದ ಮನುಷ್ಯ, ತಿಂಗಳ ಮೊದಲ ದಿನ ತಪ್ಪದೆ ತನ್ನ ಕಾರಿನ ತೊಟ್ಟಿಗೆ ಇಂಥದ್ದೇ ಒಂದು ದ್ರವ ಸುರಿಯುತ್ತಿದ್ದ. ಆ ಕಾರು ಇಪ್ಪತ್ತೆರಡು ವರ್ಷ ಓಡಿತು. ಮಗನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಅವನ ಮುಂದೆ ಬಂದು ನಿಂತವಳು ರೋಷೆಲ್ ಪ್ರೂಯಿಟ್. ಮೂವತ್ತನಾಲ್ಕರ ಹೆಂಗಸು. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ ಬರುವ ಕೆಲಸ ಅವಳದು. ಬಾಯಲ್ಲಿ ಶಬ್ದ ಮಾಡಿ ತೋರಿಸದ ಮೊದಲ ಗಿರಾಕಿ ಅವಳೇ ಇರಬೇಕು.

"ಶಬ್ದ ಏನೂ ಇಲ್ಲ. ಎಂಜಿನ್ನಿನ ಹಳದಿ ದೀಪ ಹತ್ತಿದೆ. ಏರು ಹತ್ತೋವಾಗ ಒಂಚೂರು ಮುಗ್ಗರಿಸುತ್ತೆ, ಅಷ್ಟೆ," ಎಂದಳು.

"ಸ್ಟಿಕ್ಕರ್ ಯಾವಾಗಿನವರೆಗೆ ಇದೆ?"

"ಅದೇ ಹೇಳೋಕೆ ಬಂದೆ. ಈ ತಿಂಗಳ ಕೊನೆಗೆ ಮುಗಿಯುತ್ತೆ."

ಲೆನ್ ತಲೆಯಾಡಿಸಿದ. ವರ್ಷಕ್ಕೊಮ್ಮೆ ಕಾರನ್ನು ಹೊಗೆ ಪರೀಕ್ಷೆಗೆ ಒಡ್ಡಿ, ಪಾಸಾಯಿತೆಂಬ ಸ್ಟಿಕ್ಕರನ್ನು ಮುಂಗಾಜಿಗೆ ಅಂಟಿಸಿಕೊಳ್ಳಬೇಕು. ಹಳದಿ ದೀಪ ಹತ್ತಿದ್ದರೆ ಪರೀಕ್ಷೆ ಶುರುವಾಗುವ ಮೊದಲೇ ಫೇಲು.

"ಸ್ಟಿಕ್ಕರ್ ಇಲ್ಲದಿದ್ರೆ ಏಜೆನ್ಸಿಯವರು ಒಂದು ದಿನಾನೂ ಕೆಲಸಕ್ಕೆ ಕಳಿಸಲ್ಲ," ಎಂದಳು ರೋಷೆಲ್. "ನಾನು ನೋಡ್ಕೊಳ್ಳೋ ಜನಾನ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಹೆಮ್ಲಾಕ್ ಗುಡ್ಡದ ಮೇಲೆ ಓಲ್ಗಾ ವಾಸ್ಕೊ ಅಂತ ಇದಾರೆ, ಎಂಬತ್ತೆಂಟು ವಯಸ್ಸು. ನನ್ನ ಬದಲು ಯಾರಾದರೂ ಹೋದ್ರೆ ಬಾಗಿಲೇ ತೆಗೆಯಲ್ಲ ಅವರು. ಹೋದ ವರ್ಷ ನಾನು ಜ್ವರ ಬಂದು ಮಲಗಿದಾಗ ಮೂರು ದಿನ ಸ್ನಾನ ಇಲ್ಲ, ಸರಿಯಾಗಿ ಊಟಾನೂ ಇಲ್ಲ."

ಲೆನ್ ತಪಾಸಣೆಯ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ಹೊರಗೆ ಹೋದ. ಬೂದು ಬಣ್ಣದ ಹಳೇ ಕಾರು. ಸ್ಟಿಯರಿಂಗಿನ ಕೆಳಗೆ ಯಂತ್ರದ ತಂತಿ ಚುಚ್ಚಿದೊಡನೆ ಪರದೆಯ ಮೇಲೆ ಸಾಲು ಮೂಡಿತು. ಎಂಜಿನ್ನಿಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎನ್ನುವುದು ಅದರ ಅರ್ಥ.

"ನೋಡಿದ್ಯಾ! ಪೆಟ್ರೋಲ್ ಸಾಲ್ತಿಲ್ಲ ಅಂದ್ರೆ ಬರೋ ದಾರೀಲಿ ಜಿಡ್ಡು ಕಟ್ಟಿದೆ ಅಂತಲೇ ಕಣಮ್ಮ. ತೊಳೆದ್ರೆ ಸರಿಹೋಗುತ್ತೆ."

ಪೆಟ್ರೋಲ್ ಸಾಲದೆ ಇರಬಹುದು, ಇಲ್ಲವೇ ಗಾಳಿ ಹೆಚ್ಚಾಗಿರಬಹುದು. ಈ ಎರಡನೆಯ ಮಾತು ಲೆನ್‌ನ ತಲೆಗೆ ಹೊಳೆಯಲೇ ಇಲ್ಲ. ಕೈಯಲ್ಲಿ ಬಾಟಲಿ ಹಿಡಿದವನಿಗೆ ತೊಟ್ಟಿಯೊಂದೇ ಕಾಣುತ್ತದೆ. ಅವನು ತಾನೇ ನಿಂತು ನೀಲಿ ಬಾಟಲಿಯನ್ನು ತೊಟ್ಟಿಗೆ ಸುರಿದ. ಬಳಿಕ ವಾಡಿಕೆಯಂತೆ ಯಂತ್ರದ ಗುಂಡಿ ಒತ್ತಿ ಹಳದಿ ದೀಪವನ್ನು ಆರಿಸಿದ. ಈ ಎರಡು ಕೆಲಸಗಳನ್ನು ಅವನು ಯಾವಾಗಲೂ ಜೊತೆಜೊತೆಯಾಗಿಯೇ ಮಾಡುತ್ತಿದ್ದ. ದೀಪ ಆರಿದ್ದು ಬಾಟಲಿಯಿಂದಲೋ ಗುಂಡಿಯಿಂದಲೋ ಎಂದು ಇಷ್ಟು ವರ್ಷಗಳಲ್ಲಿ ಅವನೂ ಕೇಳಿಕೊಂಡಿರಲಿಲ್ಲ, ಅವನನ್ನು ಯಾರೂ ಕೇಳಿರಲಿಲ್ಲ.

ರೋಷೆಲ್ ಮುಂದಿನ ಬುಧವಾರ ಮತ್ತೆ ಬಂದಳು. ಮುಖ ಸಪ್ಪಗಿತ್ತು.

"ನಾಲ್ಕು ದಿನ ಚೆನ್ನಾಗೇ ಓಡ್ತು ಡಾಕ್ಟರೇ. ನಿನ್ನೆ ದೀಪ ಮತ್ತೆ ಹತ್ಕೊಂಡಿದೆ."

"ನಾಲ್ಕು ದಿನ ಚೆನ್ನಾಗಿ ಓಡ್ತು ಅಂದ್ಯಲ್ಲ, ಅಂದ್ರೆ ಔಷಧಿ ಹಿಡೀತಾ ಇದೆ ಅಂತ," ಎಂದ ಲೆನ್. ಅವನ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. "ಹಳೇ ಜಿಡ್ಡು, ಒಂದೇ ಸಲಕ್ಕೆ ಬಿಡಲ್ಲ. ಇನ್ನೊಂದು ಹಾಕೋಣ. ಈ ಸಲ ಒಂದು ಕೆಲಸ ಮಾಡು. ನಾನೀಗ ದೀಪ ಆರಿಸ್ತೀನಿ. ಅದು ಮತ್ತೆ ಹತ್ತೋ ಮೊದಲೇ ಶುಕ್ರವಾರ ಡೀ ಸಾಬೊಲ್‌ಳ ಗ್ಯಾರೇಜಿಗೆ ಹೋಗಿ ಪರೀಕ್ಷೆ ಮಾಡಿಸ್ಕೊಂಡುಬಿಡು."

"ಹಾಗೆ ಮಾಡಬಹುದಾ?"

"ಊರೆಲ್ಲ ಹಾಗೇ ಮಾಡೋದು ತಾಯಿ."

ಅದು ನಿಜವೇ. ಊರೆಲ್ಲ ಹಾಗೇ ಮಾಡುತ್ತಿತ್ತು.

*

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಮಾಂಸ ಬಿಡುವ ತಪಸ್ಸುಕಾಲದ ಶುಕ್ರವಾರಗಳಲ್ಲಿ ವಿಂಟನ್ ಫೋರ್ಕಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮೀನೂಟ ನಡೆಯುತ್ತದೆ. ತಟ್ಟೆಯ ಎರಡೂ ಅಂಚು ದಾಟಿ ಹೊರಚಾಚುವಷ್ಟು ದೊಡ್ಡ ಕರಿದ ಮೀನು, ಪಕ್ಕದಲ್ಲಿ ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಹುರಿದ ಹಲುಷ್ಕಿ ಎಂಬ ಅಗಲ ಶಾವಿಗೆ. ಆ ಶುಕ್ರವಾರ ಲೆನ್ ಸಂಜೆ ಐದಕ್ಕೆಲ್ಲ ಹೋಗಿ ಗೋಡೆಯ ಪಕ್ಕದ ಮೇಜು ಹಿಡಿದಿದ್ದ. ಆರಕ್ಕೆ ಡೀ ಸಾಬೊಲ್ ಬಂದಳು. ಇಬ್ಬರೂ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು, ಹತ್ತು ವರ್ಷದವರಿದ್ದಾಗಿನಿಂದ ಜಗಳವಾಡಿಕೊಂಡೇ ಬಂದವರು. ಡೀ ತನ್ನಪ್ಪನಿಂದ ಬಂದ ಗ್ಯಾರೇಜನ್ನು ಒಬ್ಬಳೇ ನಡೆಸುತ್ತಿದ್ದಳು. ಎಷ್ಟು ಉಜ್ಜಿದರೂ ಅವಳ ಉಗುರಿನ ಸುತ್ತಲಿನ ಕಪ್ಪು ಹೋಗುತ್ತಿರಲಿಲ್ಲ. ತಟ್ಟೆಯನ್ನು ದಡಕ್ಕನೆ ಮೇಜಿನ ಮೇಲಿಟ್ಟು ಎದುರಿಗೆ ಕುಳಿತಳು.

"ಡಾಕ್ಟರೇ, ನಿಮ್ಮ ರೋಗಿ ಒಬ್ಬಳು ಇವತ್ತು ನನ್ನ ಹತ್ರ ಬಂದಿದ್ಲು."

"ರೋಷೆಲ್ಲಾ? ಪಾಸಾಯ್ತು ತಾನೇ?"

"ಪಾಸೂ ಇಲ್ಲ, ಫೇಲೂ ಇಲ್ಲ. ವಾಪಸ್ ಕಳಿಸ್ದೆ."

ಲೆನ್‌ನ ಕೈಯಲ್ಲಿದ್ದ ಮೀನಿನ ತುಂಡು ಬಾಯಿಯ ಹತ್ತಿರವೇ ನಿಂತಿತು. "ಯಾಕೆ? ದೀಪ ಆರಿತ್ತಲ್ಲ!"

"ಆರಿತ್ತು. ನೀನು ಆರಿಸಿದ್ದೆ. ಗುಂಡಿ ಒತ್ತಿ ಆರಿಸಿದ್ರೆ ಕಾರಿನ ನೆನಪೆಲ್ಲ ಅಳಿಸಿ ಹೋಗುತ್ತೆ ಕಣಯ್ಯ. ತನ್ನನ್ನ ತಾನೇ ಮತ್ತೆ ಒಂದೊಂದಾಗಿ ಪರೀಕ್ಷೆ ಮಾಡ್ಕೊಳ್ಳೋಕೆ ಅದಕ್ಕೆ ಎಷ್ಟೋ ದಿನದ ಓಡಾಟ ಬೇಕು. ಅಲ್ಲೀವರೆಗೂ ನನ್ನ ಯಂತ್ರ 'ಈ ಕಾರು ಇನ್ನೂ ತಯಾರಿಲ್ಲ' ಅಂತ ತಳ್ಳಿಬಿಡುತ್ತೆ. ಇದನ್ನ ನಿನಗೆ ಎಷ್ಟು ಸಲ ಹೇಳಿದೀನಿ?"

ಹೇಳಿದ್ದಳು. ಲೆನ್ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಗ್ಯಾರೇಜಿನವರು ತಮ್ಮ ವ್ಯಾಪಾರಕ್ಕೆ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದ.

"ಕಾರು ಒಂದು ದಿನ ಇಲ್ಲೇ ಬಿಟ್ಟು ಹೋಗು, ಏನಾಗಿದೆ ನೋಡ್ತೀನಿ ಅಂದೆ," ಡೀ ಹೇಳಿದಳು. "ಬಿಟ್ರೆ ಕೆಲಸಕ್ಕೆ ಹೇಗೆ ಹೋಗಲಿ ಅಂದ್ಲು. ಇವತ್ತು ತಪ್ಪಿದ್ರೆ ನನಗೂ ತಿಂಗಳ ಕೊನೆ, ಗುರುವಾರದವರೆಗೆ ತಲೆ ಎತ್ತೋಕೆ ಪುರುಸೊತ್ತಿಲ್ಲ. ಗುರುವಾರ ರಿಪೇರಿ ಮಾಡಿದ್ರೆ ತಿಂಗಳು ಮುಗಿಯೋ ಶನಿವಾರದೊಳಗೆ ಕಾರು ತಯಾರಾಗಲ್ಲ. ಪಾಪ, ಹೊರಗೆ ಹೋಗಿ ಕಾರಲ್ಲಿ ಕೂತು ಅತ್ಲು. ನಾನು ನೋಡೇ ಇಲ್ಲ ಅನ್ನೋ ಹಾಗೆ ಒಳಗೆ ಹೋದೆ."

ಲೆನ್ ಮೀನಿನ ತುಂಡನ್ನು ತಟ್ಟೆಗೆ ವಾಪಸ್ ಇಟ್ಟ. ಆದರೆ ನಲವತ್ತು ಜನ ಕೂತು ಉಣ್ಣುತ್ತಿರುವ ಜಾಗದಲ್ಲಿ ಸೋಲೊಪ್ಪುವುದು ಸುಲಭವೇ?

"ಹಾಗಾದ್ರೆ ಬಾಟಲಿ ಕೆಲಸಾನೇ ಮಾಡಲ್ಲ ಅನ್ನು!"

"ಹಾಗೆಂದೆನಾ ನಾನು? ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಒಳಗೆ ನಿಜವಾಗ್ಲೂ ಜಿಡ್ಡು ಕಟ್ಟಿದ್ರೆ, ಒಳ್ಳೇ ಬಾಟಲಿ ಒಂದಿಷ್ಟು ಕೆಲಸ ಮಾಡುತ್ತೆ. ನಾನೇ ನೋಡಿದೀನಿ. ಆದ್ರೆ ಸವೆದ ಸ್ಪಾರ್ಕ್ ಪ್ಲಗ್ಗನ್ನ ಹೊಸದು ಮಾಡುತ್ತಾ? ಹರಿದ ಪೈಪನ್ನ ಹೊಲಿಯುತ್ತಾ? ಕೆಟ್ಟ ಸೆನ್ಸರ್ ರಿಪೇರಿ ಮಾಡುತ್ತಾ? ನಿನ್ನ ಹತ್ರ ತಲೆನೋವು ಅಂತ ಬಂದವನಿಗೂ ಅದೇ, ಕಾಲು ಮುರಿದವನಿಗೂ ಅದೇ."

"ನಮ್ಮಪ್ಪ ಇಪ್ಪತ್ತೆರಡು ವರ್ಷ..."

"ನಿಮ್ಮಪ್ಪ ದಡ್ಡ ಅಲ್ಲ ಕಣೋ," ಡೀಯ ದನಿ ಸ್ವಲ್ಪ ಮೆತ್ತಗಾಯಿತು. "ಅವರ ಕಾಲದ ಪೆಟ್ರೋಲ್ ಬೇರೆ, ಎಂಜಿನ್ ಬೇರೆ. ಅವರಿಗೆ ಅದು ಬೇಕಿತ್ತು. ಈಗ ಬಂಕಿನಿಂದ ಬರೋ ಪೆಟ್ರೋಲಲ್ಲೇ ತೊಳೆಯೋ ಔಷಧಿ ಬೆರೆಸಿರ್ತಾರೆ. ಒಳ್ಳೇ ಬಂಕಲ್ಲಿ ತುಂಬಿಸಿದ್ರೆ ಮುಕ್ಕಾಲು ಪಾಲು ಜನಕ್ಕೆ ಬೇರೆ ಏನೂ ಬೇಕಾಗಲ್ಲ. ಈಚಿನ ಕೆಲವು ಎಂಜಿನ್‌ಗಳಲ್ಲಂತೂ ಮಸಿ ಕಟ್ಟೋ ಜಾಗಕ್ಕೆ ಪೆಟ್ರೋಲ್ ಹೋಗೋದೇ ಇಲ್ಲ. ತೊಟ್ಟಿಗೆ ಏನು ಸುರಿದ್ರೆ ಏನು ಬಂತು?"

"ನೀನು ಹೇಳ್ತೀಯ. ನಿನ್ನ ಹತ್ರ ಬಂದು ಕಾರು ತೋರಿಸೋಕೆ ಎಷ್ಟು ಜನಕ್ಕೆ ಆಗುತ್ತೆ? ಈ ಊರಲ್ಲಿ ಬಡವರ ಕೈಗೆ ಎಟುಕೋದು ಒಂದು ಬಾಟಲಿ. ನಾನು ಅವರಿಗೆ ಒಂದು ದಾರಿ ತೋರಿಸ್ತೀನಿ. ಅದೂ ಸುಮ್ಮನೆ ಅಲ್ಲ. ನೂರಕ್ಕೆ ತೊಂಬತ್ತು ಜನ ಎರಡನೇ ಸಲ ನನ್ನ ಹತ್ರ ಬರೋದೇ ಇಲ್ಲ. ಯಾಕೆ ಹೇಳು? ವಾಸಿಯಾಗಿರುತ್ತೆ, ಅದಕ್ಕೆ!"

ಡೀ ಫೋರ್ಕು ಕೆಳಗಿಟ್ಟಳು.

"ಲೆನ್, ಅವರೆಲ್ಲ ನನ್ನ ಹತ್ರ ಬರ್ತಾರೆ ಕಣೋ."

"ಯಾರು?"

"ನಿನ್ನ ಹತ್ರ ವಾಪಸ್ ಬಾರದೇ ಇರೋರು. ಕಳೆದ ವಾರ ಫ್ರಾಂಕ್ ಮೊಲ್ನಾರ್ ಬಂದಿದ್ದ. ಅದಕ್ಕೆ ಮುಂಚೆ ನಮ್ಮ ಪಾದ್ರಿಗಳೇ ಬಂದಿದ್ರು. ಸೀಟಿನ ಕೆಳಗೆ ನೀಲಿ ಬಾಟಲಿ ಉರುಳಾಡ್ತಾ ಇರುತ್ತೆ. ಎಲ್ಲರೂ ಹೇಳೋದು ಒಂದೇ ಮಾತು. 'ಲೆನ್‌ಗೆ ಹೇಳ್ಬೇಡ, ಒಳ್ಳೇ ಮನುಷ್ಯ, ಬೇಜಾರು ಮಾಡ್ಕೋತಾನೆ' ಅಂತಾರೆ. ನಾನೂ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇವತ್ತು ಆ ಹುಡುಗಿ ಅಳೋದು ನೋಡಿದ ಮೇಲೆ ಆಗಲಿಲ್ಲ."

ಲೆನ್ ಸುತ್ತಲೂ ನೋಡಿದ. ಎರಡು ಮೇಜುಗಳಾಚೆ ಫ್ರಾಂಕ್ ಮೊಲ್ನಾರ್ ಹೆಂಡತಿಯೊಡನೆ ಊಟ ಮಾಡುತ್ತಿದ್ದ. ಕಣ್ಣು ಸೇರಿದೊಡನೆ "ಏನ್ ಡಾಕ್ಟರೇ!" ಎಂದು ಪ್ರೀತಿಯಿಂದ ಕೈಯೆತ್ತಿದ. ಆ ಪ್ರೀತಿ ಲೆನ್‌ಗೆ ಬೈಗುಳಕ್ಕಿಂತ ಜೋರಾಗಿ ನಾಟಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೀನನ್ನು ಅರ್ಧಕ್ಕೇ ಬಿಟ್ಟು ಎದ್ದ.

"ರೋಷೆಲ್ ಮನೆ ಎಲ್ಲಿ?" ಎಂದಷ್ಟೇ ಕೇಳಿದ.

*

ಶನಿವಾರ ಬೆಳಿಗ್ಗೆ ರೋಷೆಲ್ ಬಾಗಿಲು ತೆರೆದಾಗ ಲೆನ್ ಹಳೇ ಮೇಲಂಗಿ ತೊಟ್ಟು, ಕೈಯಲ್ಲಿ ತುಕ್ಕುಹಿಡಿದ ಸಲಕರಣೆಯ ಪೆಟ್ಟಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

"ಬಾನೆಟ್ ತೆಗಿ ತಾಯಿ. ಒಂದು ಸಲ ನೋಡ್ತೀನಿ."

"ನೀವು ರಿಪೇರಿನೂ ಮಾಡ್ತೀರಾ?" ರೋಷೆಲ್‌ಗೆ ಆಶ್ಚರ್ಯ.

ಮಾಡುತ್ತಿದ್ದ, ಒಂದು ಕಾಲದಲ್ಲಿ. ಅಂಗಡಿಗೆ ಸೇರಿದ ಮೇಲೆ ಬಿಟ್ಟುಹೋಗಿತ್ತು. ಕೌಂಟರಿನವರು ಗಿರಾಕಿಯ ಬಾನೆಟ್ಟಿಗೆ ಕೈ ಹಾಕಕೂಡದೆಂದು ಮಾಲೀಕನ ನಿಯಮ, ಅದೂ ಅವನಿಗೆ ಅನುಕೂಲವಾಗಿಯೇ ಇತ್ತು. ಬಾನೆಟ್ ತೆರೆಯದಿದ್ದರೆ ತಪ್ಪು ಹೇಳಿದೆನೆಂದು ಗೊತ್ತಾಗುವ ಸಂಭವವೂ ಇಲ್ಲವಲ್ಲ.

ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟ. ಅರ್ಧ ಗಂಟೆ ಏನೂ ಸಿಗಲಿಲ್ಲ. ಚಳಿಗೆ ಬೆರಳು ಮರಗಟ್ಟಿದವು. ಕೊನೆಗೆ "ಸ್ವಲ್ಪ ಜೋರಾಗಿ ಒತ್ತು" ಎಂದ. ರೋಷೆಲ್ ಒತ್ತಿದಳು. ಎಂಜಿನ್ ಒಮ್ಮೆ ಜಗ್ಗಿದಾಗ, ಗಾಳಿ ಸೋಸುವ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಕೆಳಗಿನ ಮಡಿಕೆಯಲ್ಲಿ ಒಂದು ಬಾಯಿ ತೆರೆದುಕೊಂಡಿತು. ಕಾಲು ತೆಗೆದೊಡನೆ ಮುಚ್ಚಿಕೊಂಡಿತು. ಲೆನ್ ಅದರ ಹತ್ತಿರ ಕೈ ಒಡ್ಡಿದ. ಗಾಳಿ ಸುಯ್ಯೆಂದು ಒಳಗೆ ನುಗ್ಗುತ್ತಿತ್ತು. ಪೆಟ್ರೋಲ್ ಅಳೆಯುವಾಗ ಎಂಜಿನ್ನಿನ ಲೆಕ್ಕಕ್ಕೆ ಸಿಗದ ಗಾಳಿ ಅದು. ಏರು ಹತ್ತುವಾಗ ಎಂಜಿನ್ ಜಗ್ಗಿದಷ್ಟೂ ಬಾಯಿ ದೊಡ್ಡದಾಗಿ, ಪೆಟ್ರೋಲ್ ಸಾಲದೆ ಕಾರು ಮುಗ್ಗರಿಸುತ್ತಿತ್ತು. ತೊಟ್ಟಿಗೆ ನೂರು ಬಾಟಲಿ ಸುರಿದಿದ್ದರೂ ಈ ಬಾಯಿ ಮುಚ್ಚುತ್ತಿರಲಿಲ್ಲ.

ಅಂಗಡಿಗೆ ಹೋಗಿ ಹೊಸ ಪೈಪು ತಂದು ಹಾಕಲು ಒಂದು ಗಂಟೆ ಹಿಡಿಯಿತು. ಹಳೆಯ ಪೈಪನ್ನು ರೋಷೆಲ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇಷ್ಟೇನಾ? ಹಾಗಾದ್ರೆ ಆ ಬಾಟಲಿಗಳು?"

ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವಳು ಅವನನ್ನು ನೋಡುತ್ತಿದ್ದ ರೀತಿ ಎಂಥದ್ದೆಂದರೆ, ಕೇಳದೆಯೇ ಮನೆಬಾಗಿಲಿಗೆ ಬಂದು ಚಳಿಯಲ್ಲಿ ನಿಂತು ಕೆಲಸ ಮಾಡಿಕೊಟ್ಟ ದೇವರಂಥ ಮನುಷ್ಯ ಎಂಬಂತೆ. ಆ ನೋಟವನ್ನು ಕಳೆದುಕೊಳ್ಳಲು ಲೆನ್‌ಗೆ ಮನಸ್ಸಾಗಲಿಲ್ಲ.

"ಬಾಟಲಿ ಅದರ ಕೆಲಸ ಮಾಡಿದೆ," ಎಂದುಬಿಟ್ಟ. "ಇದೊಂದು ಬಾಕಿ ಇತ್ತು, ಅಷ್ಟೆ."

ಹೇಳಿದ ಮರುಕ್ಷಣವೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಇಷ್ಟು ವರ್ಷ ಹೇಳಿದ್ದು ತಪ್ಪಾಗಿದ್ದರೂ ನಂಬಿ ಹೇಳಿದ್ದು. ಇದು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು.

ಇನ್ನೊಂದು ತೊಡಕು ಉಳಿದಿತ್ತು. ಕಾರು ತನ್ನ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕಾದರೆ ರಾತ್ರಿಯೆಲ್ಲ ತಣ್ಣಗೆ ನಿಂತು, ಬೆಳಿಗ್ಗೆ ಚಾಲೂ ಆಗಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬಹಳ ಹೊತ್ತು ಓಡಬೇಕು. ರೋಷೆಲ್‌ಳ ಓಡಾಟವೆಲ್ಲ ಐದೈದು ನಿಮಿಷದ್ದು, ಒಂದು ಮನೆಯಿಂದ ಇನ್ನೊಂದು ಮನೆಗೆ, ಗುಡ್ಡ ಹತ್ತಿ ಇಳಿದು. ಹಾಗೆ ಒಂದು ತಿಂಗಳು ಓಡಿಸಿದರೂ ಕಾರು ತಯಾರಾಗುವುದಿಲ್ಲ. ಅವಳ ಕೈಯಲ್ಲಿ ಉಳಿದದ್ದು ಒಂದೇ ವಾರ.

"ಕೀಲಿಕೈ ನನಗೆ ಕೊಡು," ಎಂದ ಲೆನ್. "ನೀನು ಎಷ್ಟು ಗಂಟೆಗೆ ಹೊರಡ್ತೀಯ?"

"ಆರೂವರೆಗೆ."

"ಅಷ್ಟರೊಳಗೆ ತಂದು ನಿಲ್ಲಿಸಿರ್ತೀನಿ."

*

ಮರುದಿನದಿಂದ ಬೆಳಿಗ್ಗೆ ಐದಕ್ಕೆ ಲೆನ್ ರೋಷೆಲ್ ಮನೆಯಿದ್ದ ಗುಡ್ಡದ ಕೆಳಗೆ ತನ್ನ ಗಾಡಿ ನಿಲ್ಲಿಸಿ ನಡೆದು ಬರುತ್ತಿದ್ದ. ಕಾರಿನ ಗಾಜಿನ ಮೇಲಿನ ಹಿಮವನ್ನು ಕೆರೆಯುತ್ತಿದ್ದ. ಕಾರು ತೆಗೆದ ಜಾಗಕ್ಕೆ ಬೇರೆ ಯಾರೂ ಬಂದು ನಿಲ್ಲಿಸದಂತೆ ರೋಷೆಲ್‌ಳ ಅಡುಗೆಮನೆಯ ಕುರ್ಚಿಯೊಂದನ್ನು ರಸ್ತೆಯಲ್ಲಿಡುತ್ತಿದ್ದ. ಆ ಊರಲ್ಲಿ ಕುರ್ಚಿಯಿಟ್ಟ ಜಾಗವನ್ನು ಮುಟ್ಟುವ ಧೈರ್ಯ ಪೊಲೀಸರಿಗೂ ಇರಲಿಲ್ಲ. ಬಳಿಕ ಹೆದ್ದಾರಿ ಹಿಡಿದು ಒಂದೇ ವೇಗದಲ್ಲಿ, ಹೊರಬೀಳುವ ಮೂರನೇ ತಿರುವಿನವರೆಗೆ ಹೋಗಿ ಹಿಂದಿರುಗುತ್ತಿದ್ದ.

ಕಾರಿನ ಹಿಂಬದಿಯಲ್ಲಿ ಗಾಲಿಕುರ್ಚಿಯ ಮೆತ್ತೆ, ಸೋಪಿನ ಪೊಟ್ಟಣ, ದೊಡ್ಡ ಅಕ್ಷರದ ಪದಬಂಧದ ಪುಸ್ತಕ. ಪುಸ್ತಕದ ಮೇಲೆ ನಡುಗುವ ಕೈಬರಹದಲ್ಲಿ ಓಲ್ಗಾ ಎಂದಿತ್ತು. ಲೆನ್ ಆ ಮುದುಕಿಯನ್ನು ನೋಡಿರಲಿಲ್ಲ. ಆದರೂ ಮುಂದಿನ ಸೋಮವಾರ ಯಾರೋ ಅಪರಿಚಿತರು ಬಾಗಿಲು ತಟ್ಟುವುದು, ಅವಳು ಒಳಗೇ ಕುಳಿತಿರುವುದು ಅವನ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿತ್ತು. ತಾನು ಆ ಗುಂಡಿ ಒತ್ತದೆ, ಮೊದಲ ದಿನವೇ ಬಾನೆಟ್ ತೆರೆದು ನೋಡಿದ್ದರೆ ಎರಡು ವಾರದ ಹಿಂದೆಯೇ ಸ್ಟಿಕ್ಕರ್ ಅಂಟಿರುತ್ತಿತ್ತು.

ದಿನಾ ಹಿಂದಿರುಗಿ ಬಂದು ತಪಾಸಣೆಯ ಯಂತ್ರ ಚುಚ್ಚಿ ನೋಡುತ್ತಿದ್ದ. ಭಾನುವಾರ ಏನೂ ಆಗಿರಲಿಲ್ಲ. ಮಂಗಳವಾರ ಒಂದು ಪರೀಕ್ಷೆ ಮುಗಿದಿತ್ತು, ಬುಧವಾರ ಇನ್ನೆರಡು. ಹೊಗೆ ಶುದ್ಧಿ ಮಾಡುವ ಭಾಗದ್ದೊಂದು ಮಾತ್ರ ಹಟ ಹಿಡಿದು ಕೂತಿತ್ತು. ಗುರುವಾರವೂ ಆಗಲಿಲ್ಲ. ಆ ಬೆಳಿಗ್ಗೆ ರೋಷೆಲ್ ಮೆಟ್ಟಿಲಲ್ಲಿ ಬಿಸಿ ಕಾಫಿ ಹಿಡಿದು ನಿಂತಿದ್ದಳು.

"ಆಗದಿದ್ರೆ ಹೇಳಿಬಿಡಿ. ಓಲ್ಗಾ ಅವರಿಗೆ ಮೊದಲೇ ತಿಳಿಸಿ ಒಪ್ಪಿಸಬೇಕು. ಕೊನೇ ದಿನ ಹೇಳಿದ್ರೆ ತಡ್ಕೊಳ್ಳಲ್ಲ."

"ಇವತ್ತು ಹೇಳ್ಬೇಡ. ಇನ್ನೆರಡು ದಿನ ಇದೆ," ಎಂದ ಲೆನ್.

ಶುಕ್ರವಾರ ಅವನು ಐದಕ್ಕಲ್ಲ, ನಾಲ್ಕೂವರೆಗೇ ಬಂದ. ಮೂರನೇ ತಿರುವನ್ನು ದಾಟಿ ಏಳನೆಯದರವರೆಗೂ ಹೋದ. ಕೈ ಅಲುಗಾಡಿಸದೆ, ಕಾಲಿನ ಒತ್ತಡ ಬದಲಿಸದೆ, ಎದೆಯ ಮೇಲೆ ಮಲಗಿದ ಮಗುವನ್ನು ಎಬ್ಬಿಸಬಾರದೆನ್ನುವವನ ಹಾಗೆ ಓಡಿಸಿದ. ಹಿಂದಿರುಗಿ ಬಂದು ಯಂತ್ರ ಚುಚ್ಚಿದ. ಎಲ್ಲ ಸಾಲುಗಳ ಮುಂದೆಯೂ ಮುಗಿಯಿತೆಂಬ ಗುರುತು ಬಿದ್ದಿತ್ತು. ಅರವತ್ತೊಂದರ ಆ ಮನುಷ್ಯ ಖಾಲಿ ರಸ್ತೆಯಲ್ಲಿ ಕುರ್ಚಿ ಎತ್ತಿಕೊಂಡು ಒಂದು ಸುತ್ತು ತಿರುಗಿದ. ಯಾರಾದರೂ ನೋಡಿದರೇನೋ ಎಂದು ಆಮೇಲೆ ಗಾಬರಿಗೊಂಡ.

*

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಡೀಯ ಗ್ಯಾರೇಜು ತೆರೆಯುವ ಮೊದಲೇ ಆ ಬೂದು ಕಾರು ಬಾಗಿಲಲ್ಲಿತ್ತು. ಅದನ್ನು ಓಡಿಸಿಕೊಂಡು ಬಂದವನು ಲೆನ್, ಪಕ್ಕದಲ್ಲಿ ರೋಷೆಲ್. ಡೀ ತನ್ನ ಯಂತ್ರ ಜೋಡಿಸಿದಳು. ಬ್ರೇಕು, ದೀಪ, ಚಕ್ರ ಎಲ್ಲ ನೋಡಿದಳು. ರೋಷೆಲ್ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ಕಾಗದವೊಂದು ಮುದ್ರಣವಾಗಿ ಹೊರಬಂತು. ಡೀ ಅದನ್ನು ಓದಿ, ಮುಂಗಾಜಿನ ಮೂಲೆಯಲ್ಲಿದ್ದ ಹಳೇ ಸ್ಟಿಕ್ಕರನ್ನು ಕೆರೆಯತೊಡಗಿದಳು. ಕೆರೆಯುತ್ತಿದ್ದಾಳೆಂದರೆ ಪಾಸಾಯಿತೆಂದೇ ಅರ್ಥ. ರೋಷೆಲ್ ಬಾಯಿಗೆ ಕೈ ಅಡ್ಡವಿಟ್ಟುಕೊಂಡಳು.

"ಇನ್ನೊಂದು ವರ್ಷ ನಿಶ್ಚಿಂತೆ," ಎಂದಳು ಡೀ, ಹೊಸದನ್ನು ಹೆಬ್ಬೆರಳಿನಿಂದ ಒತ್ತುತ್ತ.

ರೋಷೆಲ್ ಲೆನ್‌ನ ಕೈಯನ್ನು ಹಿಡಿದು ಅಲುಗಿಸಿದಳು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದಿತ್ತು.

"ನಿಮ್ಮ ಉಪಕಾರ ಮರೆಯಲ್ಲ ಡಾಕ್ಟರೇ. ಇನ್ಮೇಲೆ ತಿಂಗಳಿಗೊಂದು ನೀಲಿ ಬಾಟಲಿ ತಪ್ಪದೆ ಹಾಕ್ತೀನಿ. ಓಲ್ಗಾ ಅವರ ಮಗನಿಗೂ ಹೇಳಿದೀನಿ. ಅವನ ಕಾರಿಗೂ ಹಳದಿ ದೀಪ ಹತ್ತಿದೆಯಂತೆ. ಎರಡು ಬಾಟಲಿ ತಗೋ, ಲೆನ್ ದೀಪ ಆರಿಸಿಕೊಡ್ತಾರೆ, ನನ್ನದು ಹಾಗೇ ಸರಿಹೋಗಿದ್ದು ಅಂದೆ. ಸೋಮವಾರ ನಿಮ್ಮ ಹತ್ರ ಬರ್ತಾನೆ."

ಡೀ ತಲೆ ಎತ್ತಲಿಲ್ಲ. ಅವಳು ಬೇಕೆಂದೇ ಏನೂ ಹೇಳುತ್ತಿಲ್ಲ ಎಂದು ಲೆನ್‌ಗೆ ಗೊತ್ತಾಯಿತು. ಇಷ್ಟು ವರ್ಷ ಊರು ಅವನ ಮುಂದೆ ಬಾಯಿ ಮುಚ್ಚಿಕೊಂಡಿತ್ತಲ್ಲ, ಆ ಮೌನವೇ ಇದು. ಅವನು ತಲೆಯಾಡಿಸಿ ನಕ್ಕುಬಿಟ್ಟರೆ ಅದು ಇನ್ನೊಂದಿಷ್ಟು ವರ್ಷ ಹಾಗೇ ಮುಂದುವರಿಯುತ್ತದೆ. ಸೋಮವಾರ ಇನ್ನೊಬ್ಬ ಬರುತ್ತಾನೆ, ಇನ್ನೊಬ್ಬನ ದೀಪ ಆರುತ್ತದೆ.

"ಇಲ್ಲ ತಾಯಿ," ಎಂದ. "ಆ ಬಾಟಲಿ ನಿನ್ನ ಕಾರಿಗೆ ಏನೂ ಮಾಡಲಿಲ್ಲ. ಅವತ್ತು ನಿನ್ನ ಮನೆ ಹತ್ರ ನಾನು ಸುಳ್ಳು ಹೇಳ್ದೆ. ಇದ್ದಿದ್ದು ಪೈಪಿನ ದೋಷ ಒಂದೇ. ಅದನ್ನ ನಾನು ಮೊದಲನೇ ದಿನಾನೇ ನೋಡಬಹುದಿತ್ತು, ನೋಡಲಿಲ್ಲ. ಬಾಟಲಿ ಕೊಟ್ಟು ಅಭ್ಯಾಸ, ಕೊಟ್ಟೆ. ಆಮೇಲೆ ದೀಪ ಆರಿಸಿದೆ. ಡೀ ನಿನ್ನನ್ನ ವಾಪಸ್ ಕಳಿಸಿದ್ದು ಆ ಆರಿಸಿದ್ದಕ್ಕೇನೇ. ನಿನ್ನ ಕೆಲಸ ಹೋಗಿದ್ರೆ ಅದು ನನ್ನ ಕೈಯಿಂದ ಹೋಗ್ತಿತ್ತು."

ರೋಷೆಲ್ ಹಿಡಿದಿದ್ದ ಕೈಯನ್ನು ಬಿಟ್ಟಳು. ಮುಖದ ನಗು ನಿಧಾನವಾಗಿ ಇಳಿಯಿತು. ಲೆನ್ ಅದನ್ನು ಕಣ್ಣು ತಗ್ಗಿಸದೆ ನೋಡಿದ.

"ಅವತ್ತು ನಾನು ಹೊರಗೆ ಕಾರಲ್ಲಿ ಕೂತು ಅತ್ತೆ. ಗೊತ್ತಾ ನಿಮಗೆ?"

"ಗೊತ್ತು."

"ಈ ವಾರವೆಲ್ಲ ನೀವು ಐದು ಗಂಟೆಗೆ ಬರ್ತಿದ್ದಾಗ, ಬಾಟಲಿಗೆ ಕಂಪನಿಯವರು ಕೊಡೋ ಗ್ಯಾರಂಟಿ ಇರಬೇಕು ಇದು ಅಂದ್ಕೊಂಡಿದ್ದೆ."

ಡೀಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿ ಆಚೆ ತಿರುಗಿದಳು. ರೋಷೆಲ್ ಮಾತ್ರ ನಗಲಿಲ್ಲ. ಸ್ಟಿಕ್ಕರನ್ನು ಒಮ್ಮೆ, ಲೆನ್‌ನನ್ನು ಒಮ್ಮೆ ನೋಡಿದಳು. ಅವಳೊಳಗೆ ಸಿಟ್ಟೂ ಕೃತಜ್ಞತೆಯೂ ಜಗ್ಗಾಡುತ್ತಿದ್ದುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಓಲ್ಗಾ ಅವರ ಮಗನಿಗೆ ಈಗ ಏನು ಹೇಳಲಿ?"

"ಬರೋಕೆ ಹೇಳು. ಮೊದಲು ಬಾನೆಟ್ ತೆಗೆದು ನೋಡೋಣ. ಮಾಲೀಕರು ಏನಾದ್ರೂ ಅನ್ನಲಿ, ನಾನು ಮಾತಾಡ್ತೀನಿ. ನನಗೆ ಗೊತ್ತಾಗದಿದ್ರೆ ಡೀ ಹತ್ರ ಕಳಿಸ್ತೀನಿ. ಬಾಟಲಿ ಬೇಕಾದ ಕಾರೇ ಆಗಿದ್ರೆ ಬಾಟಲೀನೇ ಕೊಡ್ತೀನಿ. ದೀಪ ಮಾತ್ರ ಆರಿಸಲ್ಲ."

"ದಿನಾ ಸಂಜೆ ಆರರ ಮೇಲೆ ನಾನು ಸುಮ್ಮನೇ ಇರ್ತೀನಿ," ಎಂದಳು ಡೀ, ಯಾರಿಗೋ ಹೇಳುವಂತೆ ಗೋಡೆಯ ಕಡೆ ನೋಡುತ್ತ. "ಯಾರಾದ್ರೂ ನೋಡಿಸ್ಕೊಳ್ಳೋರಿದ್ರೆ ಕಳಿಸು. ಬರೀ ನೋಡೋದಕ್ಕೆ ಏನೂ ಕೊಡೋದು ಬೇಡ."

ಗೋಡೆಯ ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು. ರೋಷೆಲ್ ಥಟ್ಟನೆ ಎಚ್ಚರಗೊಂಡವಳಂತೆ ಕೈಚಾಚಿದಳು. ಲೆನ್ ಜೇಬಿನಿಂದ ಕೀಲಿಕೈ ತೆಗೆದು ಆ ಅಂಗೈಯಲ್ಲಿಟ್ಟು, ನಡೆದು ಹೋಗಲೆಂದು ಬಾಗಿಲ ಕಡೆ ತಿರುಗಿದ. ಅವಳು ಕಾರು ಹತ್ತಿ ಎಂಜಿನ್ ಚಾಲೂ ಮಾಡಿದಳು. ಆಮೇಲೆ ಬಗ್ಗಿ, ಪಕ್ಕದ ಬಾಗಿಲನ್ನು ಒಳಗಿನಿಂದಲೇ ತಳ್ಳಿ ತೆರೆದಳು.

"ಹತ್ತಿ. ನನಗಿನ್ನೂ ಸಿಟ್ಟು ಹೋಗಿಲ್ಲ. ಆದ್ರೂ ಈ ಚಳಿಯಲ್ಲಿ ಅಷ್ಟು ದೂರ ನಡೆಯೋದು ಬೇಡ. ಅಂಗಡಿ ಹತ್ರ ಇಳಿಸಿ ಹೋಗ್ತೀನಿ. ಬೇಗ, ಓಲ್ಗಾ ಕಾಯ್ತಾ ಇರ್ತಾರೆ."